ಸಿಗಡಿ ಸಿಪ್ಪೆಗೆ ಬೆಲೆ ಬಂದ ಕತೆ

ಸಿಗಡಿಯ ಸಿಪ್ಪೆಯಲ್ಲಿರುವ ಬೆಲೆಬಾಳುವ ವಸ್ತು ಮೊದಲು ಸಿಕ್ಕಿದ್ದು ಅಣಬೆಯಲ್ಲಿ, ಅದೂ ಕಡಲೇ ಇಲ್ಲದ ಊರಿನಲ್ಲಿ. ಫ್ರಾನ್ಸಿನ ಪೂರ್ವಭಾಗದ ನ್ಯಾನ್ಸಿ ಪಟ್ಟಣದ ಸಸ್ಯೋದ್ಯಾನಕ್ಕೆ ಆನ್ರಿ ಬ್ರಾಕನೊ ಎಂಬಾತ ಮುಖ್ಯಸ್ಥನಾಗಿದ್ದ. ಕೈಗೆ ಏನು ಸಿಕ್ಕರೂ ಆಮ್ಲದಲ್ಲೋ ಕ್ಷಾರದಲ್ಲೋ ಹಾಕಿ ನೋಡುವ ಸ್ವಭಾವ ಅವನದು. ಹಳೇ ಬಟ್ಟೆಯ ಚಿಂದಿಗೆ ಗಂಧಕಾಮ್ಲ ಸುರಿದು ಸಕ್ಕರೆ ತೆಗೆದವನೂ, ಜೆಲಾಟಿನ್‌ನಿಂದ ಗ್ಲೈಸಿನ್ ಎಂಬ ಅಮೈನೊ ಆಮ್ಲವನ್ನು ಬಿಡಿಸಿದವನೂ ಅವನೇ. 1811ರಲ್ಲಿ ಅವನ ಪಾತ್ರೆಗೆ ಬಿದ್ದದ್ದು ಅಣಬೆ. ಕ್ಷಾರದ ನೀರಿನಲ್ಲಿ ಕುದಿಸಿ, ಕರಗುವುದನ್ನೆಲ್ಲ ಸೋಸಿ ಚೆಲ್ಲಿದ ಮೇಲೂ ಬಿಳಿಚಿಕೊಂಡ ನಾರಿನಂಥದ್ದೊಂದು ತಳದಲ್ಲಿ ಉಳಿಯಿತು. ಅದಕ್ಕೆ ‘ಫಂಗಿನ್’ ಎಂದು ಹೆಸರಿಟ್ಟು ಬರೆದಿಟ್ಟ. ಮರದ ನಾರಾದ ಸೆಲ್ಯುಲೋಸನ್ನು ರಸಾಯನಶಾಸ್ತ್ರ ಬೇರ್ಪಡಿಸಿ ಗುರುತಿಸಿದ್ದು 1838ರಲ್ಲಿ. ಅದಕ್ಕಿಂತ ಇಪ್ಪತ್ತೇಳು ವರ್ಷ ಮೊದಲೇ ಈ ವಸ್ತು ಸಿಕ್ಕಿತ್ತು. ಸಿಕ್ಕಿತ್ತು ಅಷ್ಟೇ, ಅದು ಯಾರಿಗೂ ಬೇಕಿರಲಿಲ್ಲ.

ಈ ಕತೆಯುದ್ದಕ್ಕೂ ಹೀಗೇ ಆಗುತ್ತದೆ. ಹತ್ತಿಪ್ಪತ್ತು ವರ್ಷಕ್ಕೊಮ್ಮೆ ಯಾರೋ ಒಬ್ಬರಿಗೆ ಅದು ಸಿಗುತ್ತದೆ. ಅವರು ಹುಡುಕುತ್ತಿದ್ದದ್ದು ಬೇರೆ ಏನನ್ನೋ. ಬರೆದಿಟ್ಟು ಮುಂದೆ ಹೋಗುತ್ತಾರೆ.

1823ರಲ್ಲಿ ಓಡಿಯೆ ಎಂಬ ಇನ್ನೊಬ್ಬ ಫ್ರೆಂಚ್ ಸಂಶೋಧಕ ಜೀರುಂಡೆಯ ಗಟ್ಟಿ ಮೇಲ್‌ರೆಕ್ಕೆಗಳನ್ನು ಕ್ಷಾರದಲ್ಲಿ ಕುದಿಸಿದ. ಅಣಬೆಯಲ್ಲಿ ಉಳಿದ ಹಾಗೆಯೇ ಇಲ್ಲೂ ಏನೋ ಉಳಿಯಿತು. ‘ಕೈಟಿನ್’ ಎಂಬ ಈಗಿನ ಹೆಸರು ಅವನಿಟ್ಟದ್ದು. ಅದರಲ್ಲಿ ಸಾರಜನಕ ಇಲ್ಲ ಎಂದು ಅವನು ತಿಳಿದ. ಇದೆ ಎಂದು 1843ರಲ್ಲಿ ಲಾಸೇನ್ ತೋರಿಸಿದ. ಒಂದು ಬೆಟ್ಟದ ಅಣಬೆ, ಒಂದು ತೋಟದ ಕೀಟ, ಒಂದು ಕಡಲಿನ ಏಡಿ ಈ ಮೂರೂ ತಮ್ಮ ಮೈಗಾವಲಿಗೆ ಒಂದೇ ಸರಕನ್ನು ಬಳಸಿವೆ ಎಂಬುದು ಹೀಗೆ ಚೂರುಚೂರಾಗಿ ತಿಳಿಯುತ್ತ ಬಂತು.

ಆ ಸರಕಿನ ತೊಂದರೆ ಏನೆಂದರೆ ಅದು ಯಾವುದಕ್ಕೂ ಜಗ್ಗುವುದಿಲ್ಲ. ನೀರಿನಲ್ಲಿ ಕರಗದು. ತೆಳು ಆಮ್ಲಕ್ಕೂ ತೆಳು ಕ್ಷಾರಕ್ಕೂ ಬಗ್ಗದು. ಸ್ಪಿರಿಟ್, ಈಥರ್ ಯಾವುದರಲ್ಲೂ ಮಿಸುಕದು. ಕರಗದ ವಸ್ತುವನ್ನು ಅಚ್ಚಿಗೆ ಹೊಯ್ಯುವಂತಿಲ್ಲ, ದಾರ ಎಳೆಯುವಂತಿಲ್ಲ, ಎಲೆಗೆ ಸಿಂಪಡಿಸುವಂತಿಲ್ಲ. ಜರ್ಮನಿಯ ಎನ್‌ಸ್ಪೆಲ್ ಎಂಬಲ್ಲಿ ಸಿಕ್ಕ ಎರಡೂವರೆ ಕೋಟಿ ವರ್ಷ ಹಳೆಯ ಜೀರುಂಡೆ ಪಳೆಯುಳಿಕೆಗಳಲ್ಲಿ ಕೈಟಿನ್ ಇನ್ನೂ ಉಳಿದಿತ್ತು ಎಂದು 1997ರಲ್ಲಿ ವರದಿಯಾಯಿತು. ಅಷ್ಟು ಹಟಮಾರಿ.

ಹಾಗಾದರೆ ಸಿಗಡಿ, ಏಡಿಗಳು ಕೋಟ್ಯಂತರ ವರ್ಷ ಕಳಚಿ ಬಿಟ್ಟ ಪೊರೆಗಳಿಂದ ಸಮುದ್ರದ ತಳ ಏಕೆ ತುಂಬಿಹೋಗಿಲ್ಲ? ಕ್ಲಾಡ್ ಜೋಬೆಲ್ ಮತ್ತು ಸಿಡ್ನಿ ರಿಟನ್‌ಬರ್ಗ್ ಎಂಬ ಅಮೆರಿಕದ ಸೂಕ್ಷ್ಮಜೀವಿ ತಜ್ಞರು 1938ರಲ್ಲಿ ಇದಕ್ಕೆ ಉತ್ತರ ಕೊಟ್ಟರು. ಕಡಲ ನೀರಿನಲ್ಲೂ ಕೆಸರಿನಲ್ಲೂ ಕೈಟಿನ್ನನ್ನೇ ತಿಂದು ಬದುಕುವ ಬ್ಯಾಕ್ಟೀರಿಯಾಗಳು ಎಲ್ಲೆಲ್ಲೂ ಇವೆ. ಎಂದರೆ ಕಡಲಿನಲ್ಲಿ ಬಿದ್ದ ಸಿಪ್ಪೆಗೆ ಗಿರಾಕಿ ಇದ್ದಾನೆ. ದಡದಲ್ಲಿ ರಾಶಿ ಬಿದ್ದ ಸಿಪ್ಪೆಗೆ ಮೊದಲು ಮುತ್ತುವವರು ಬೇರೆ. ಅವರು ಅದಕ್ಕೆ ಅಂಟಿದ ಮಾಂಸದ ಚೂರನ್ನು ಕೊಳೆಸುವವರು. ವಾಸನೆ ಅಲ್ಲಿಂದ ಬರುತ್ತದೆ.

ಮತ್ತೆ ಹಿಂದಕ್ಕೆ ಹೋಗೋಣ. ಇಡೀ ಕತೆಯ ಬಿಗಿ ಗಂಟು ಸಡಿಲಾದದ್ದು 1859ರಲ್ಲಿ. ಶಾರ್ಲ್ ರೂಜೆ ಎಂಬ ಶರೀರಶಾಸ್ತ್ರಜ್ಞ ಪ್ರಾಣಿಗಳ ಅಂಗಾಂಶದಲ್ಲಿ ಪಿಷ್ಟದಂಥ ಪದಾರ್ಥ ಇದೆಯೇ ಎಂದು ಹುಡುಕುತ್ತಿದ್ದ. ತೆಳು ಕ್ಷಾರಕ್ಕೆ ಬಗ್ಗದ ಕೈಟಿನ್ನನ್ನು ಅವನು ತೀರಾ ಗಾಢವಾದ ಪೊಟ್ಯಾಷ್ ಕ್ಷಾರದಲ್ಲಿ ಕುದಿಸಿದ. ನೋಡಲು ಏನೂ ಆಗಲಿಲ್ಲ; ಚೂರು ಚೂರಾಗಿಯೇ ಇತ್ತು. ತೊಳೆದು ಅಯೋಡಿನ್ ಹಾಕಿದಾಗ ಮಾತ್ರ ಕಂದು ಬಣ್ಣ ಬರಬೇಕಾದಲ್ಲಿ ನೇರಳೆ ಬಂತು. ಅದೇ ಚೂರನ್ನು ತೆಳು ಆಮ್ಲದಲ್ಲಿ ಹಾಕಿದರೆ ಸದ್ದಿಲ್ಲದೆ ಕರಗಿಹೋಯಿತು. ಯಾವುದಕ್ಕೂ ಜಗ್ಗದ ವಸ್ತು ಹುಳಿ ನೀರಿಗೆ ಕರಗಿತ್ತು. ರೂಜೆ ಇದನ್ನು ‘ಮಾರ್ಪಟ್ಟ ಕೈಟಿನ್’ ಎಂದು ಕರೆದು ತನ್ನ ಪಿಷ್ಟದ ಹುಡುಕಾಟಕ್ಕೆ ಮರಳಿದ. ಅದಕ್ಕೆ ‘ಕೈಟೋಸಾನ್’ ಎಂಬ ಹೆಸರು ಬಂದದ್ದು 1894ರಲ್ಲಿ, ಜರ್ಮನ್ ರಸಾಯನ ವಿಜ್ಞಾನಿ ಫೆಲಿಕ್ಸ್ ಹೊಪ್ಪೆ-ಸೈಲರ್‌ನಿಂದ.

ಒಳಗೆ ಆದದ್ದೇನು? ಕೈಟಿನ್ ಎಂದರೆ ಸಕ್ಕರೆಯ ಕಣಗಳು ಸಾಲಾಗಿ ಕೈ ಹಿಡಿದುಕೊಂಡ ಉದ್ದನೆಯ ಸರ, ಸೆಲ್ಯುಲೋಸಿನ ಹಾಗೆಯೇ. ಒಂದೇ ವ್ಯತ್ಯಾಸ: ಪ್ರತಿ ಕಣದಲ್ಲೂ ಒಂದು ಜಾಗದಲ್ಲಿ ಸಾರಜನಕವಿದೆ, ಅದರ ತಲೆಯ ಮೇಲೆ ಅಸಿಟೈಲ್ ಎಂಬ ಟೋಪಿ ಇದೆ. ಈ ಟೋಪಿಗಳ ಮೂಲಕ ಸರಗಳು ಒಂದಕ್ಕೊಂದು ಬಿಗಿಯಾಗಿ ಅಂಟಿಕೊಳ್ಳುತ್ತವೆ. ನೀರಿಗೆ ನುಸುಳಲು ಎಡೆಯಿಲ್ಲ. ಗಾಢ ಕ್ಷಾರ ಆ ಟೋಪಿಗಳನ್ನು ಕಿತ್ತುಹಾಕುತ್ತದೆ. ಬರಿತಲೆಯ ಸಾರಜನಕ ಹುಳಿ ನೀರಿನಲ್ಲಿ ಧನ ವಿದ್ಯುದಂಶ ಪಡೆಯುತ್ತದೆ. ಧನಕ್ಕೂ ಧನಕ್ಕೂ ಆಗದಲ್ಲ, ಸರಗಳು ಒಂದನ್ನೊಂದು ತಳ್ಳಿಕೊಂಡು ಬಿಡಿಬಿಡಿಯಾಗುತ್ತವೆ, ವಸ್ತು ಕರಗುತ್ತದೆ. ನಿಸರ್ಗದಲ್ಲಿ ಸಿಗುವ ಇಂಥ ಸಕ್ಕರೆ ಸರಗಳಲ್ಲಿ ಹೆಚ್ಚಿನವು ತಟಸ್ಥ, ಇಲ್ಲವೇ ಋಣ. ಧನ ಅಂಶ ಹೊತ್ತದ್ದು ಅಪರೂಪ. ಮುಂದೆ ಬರುವ ಎಲ್ಲ ಉಪಯೋಗಗಳ ಬೇರು ಇದೊಂದೇ ಗುಣದಲ್ಲಿದೆ, ಆದ್ದರಿಂದ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಂತೆ.

ಇದನ್ನೆಲ್ಲ ಹತ್ತೊಂಬತ್ತನೇ ಶತಮಾನದವರು ಬಲ್ಲವರಾಗಿರಲಿಲ್ಲ. 1876ರಲ್ಲಿ ಗೆಯೋರ್ಗ್ ಲೆಡ್ಡರ್‌ಹೋಸ ಎಂಬ ಎಳೆಯ ವೈದ್ಯಕೀಯ ವಿದ್ಯಾರ್ಥಿ, ಲಾಬ್‌ಸ್ಟರ್ ಚಿಪ್ಪನ್ನು ಗಾಢ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕುದಿಸಿದಾಗ ಸರ ಪೂರ್ತಿ ಕಡಿದು ಬಿಡಿ ಕಣ ಸಿಕ್ಕಿತು. ಅದು ಗ್ಲುಕೋಸಮೈನ್. ಇಂದು ಮಂಡಿನೋವಿನ ಮಾತ್ರೆ ಎಂದು ಔಷಧಿ ಅಂಗಡಿಯಲ್ಲಿ ಕೊಳ್ಳುವುದು ಇದನ್ನೇ. ನೋವಿಗೆ ಅದು ಎಷ್ಟು ಉಪಕಾರಿ ಎಂಬ ಜಗಳ ವೈದ್ಯರಲ್ಲಿ ಇನ್ನೂ ಮುಗಿದಿಲ್ಲ.

ಸರದ ರಚನೆಯನ್ನು ಬಿಡಿಸಲು ನೆರವಾದದ್ದು ಬಸವನಹುಳುವಿನ ಹೊಟ್ಟೆ. ಜೂರಿಕ್ ವಿಶ್ವವಿದ್ಯಾಲಯದಲ್ಲಿ ಪಾಲ್ ಕಾರರ್ ಅವರ ಬಳಿ ಡಾಕ್ಟರೇಟ್ ಮಾಡುತ್ತಿದ್ದ ಆಲ್ಬರ್ಟ್ ಹಾಫ್‌ಮನ್ ಎಂಬ ಹುಡುಗನಿಗೆ ಕೈಟಿನ್ ಗಂಟುಬಿತ್ತು. ಆಮ್ಲದಲ್ಲಿ ಕುದಿಸಿದರೆ ಅಸಿಟೈಲ್ ಟೋಪಿಯೂ ಕಿತ್ತುಹೋಗುತ್ತದೆ, ಮೂಲ ರೂಪ ತಿಳಿಯುವುದಿಲ್ಲ. ದ್ರಾಕ್ಷಿತೋಟದ ಬಸವನಹುಳುವಿನ ಜೀರ್ಣರಸವಾದರೋ ಕೈಟಿನ್ನನ್ನು ಮೆಲ್ಲಗೆ, ಟೋಪಿ ಕೆಡದಂತೆ ಕಣಕಣವಾಗಿ ಬಿಡಿಸುತ್ತದೆ. ಆ ರಸ ಹಿಂಡಿ ಹಿಂಡಿ 1929ರಲ್ಲಿ ಹಾಫ್‌ಮನ್ ಡಾಕ್ಟರೇಟ್ ಗಳಿಸಿದ. ಹೆಸರು ಎಲ್ಲೋ ಕೇಳಿದಂತಿದೆ ಅನಿಸಿದರೆ ಸರಿಯೇ: ಮುಂದೆ ಎಲ್‌ಎಸ್‌ಡಿ ಎಂಬ ಅಮಲಿನ ವಸ್ತುವನ್ನು ಕಂಡುಹಿಡಿದ ಹಾಫ್‌ಮನ್ ಇವನೇ. ಲೋಕ ಅವನನ್ನು ಅದಕ್ಕೇ ನೆನಪಿಟ್ಟುಕೊಂಡಿತು, ಬಸವನಹುಳುವನ್ನು ಮರೆತಿತು.

ವ್ಯಾಪಾರದ ಕಣ್ಣು ಮೊದಲು ಬಿದ್ದದ್ದು ಅಮೆರಿಕದ ಡ್ಯುಪಾಂಟ್ ಕಂಪನಿಯದು. ಅಲ್ಲಿಯ ಜಾರ್ಜ್ ರಿಗ್ಬಿ ಕೈಟೋಸಾನ್ ತಯಾರಿಸುವ ವಿಧಾನಕ್ಕೂ ಅದರಿಂದ ಹಾಳೆ, ಎಳೆ ಮಾಡುವ ವಿಧಾನಕ್ಕೂ ಪೇಟೆಂಟ್ ಕೇಳಿದ, 1936ರಲ್ಲಿ ಸಿಕ್ಕಿತು. ಆದರೆ ಅದೇ ಕಂಪನಿಯ ಇನ್ನೊಂದು ಪ್ರಯೋಗಾಲಯದಲ್ಲಿ 1935ರಲ್ಲೇ ವಾಲೇಸ್ ಕರೋದರ್ಸ್ ನೈಲಾನ್ ಮಾಡಿಟ್ಟಿದ್ದ. ಪೆಟ್ರೋಲಿಯಂ, ಕಲ್ಲಿದ್ದಲಿನಿಂದ ವರ್ಷವಿಡೀ ಒಂದೇ ಗುಣದ ಎಳೆ ತೆಗೆಯಬಹುದಾದಾಗ ಋತು ನೋಡಿ ಬರುವ, ಬಂದ ಕೆಲವೇ ಗಂಟೆಯಲ್ಲಿ ನಾರುವ ಸಿಪ್ಪೆ ಯಾರಿಗೆ ಬೇಕು? ರಿಗ್ಬಿಯ ಪೇಟೆಂಟ್ ಕಪಾಟು ಸೇರಿತು.

ಅಂತೂ ಆವಿಷ್ಕಾರ 1811ರಿಂದ 1936ರ ತನಕ ಹಂತಹಂತವಾಗಿ ಪೂರ್ತಿಯಾಗಿತ್ತು. ಮಾಡುವ ರೀತಿ ಗೊತ್ತಿತ್ತು, ರಚನೆ ಗೊತ್ತಿತ್ತು. ಅದನ್ನು ಕಪಾಟಿನಿಂದ ಹೊರಗೆಳೆದದ್ದು ಮಾತ್ರ ದುರ್ವಾಸನೆ.

ಎಪ್ಪತ್ತರ ದಶಕದಲ್ಲಿ ಅಮೆರಿಕದಲ್ಲಿ ನೀರಿನ ಮಾಲಿನ್ಯದ ಕಾನೂನು ಬಿಗಿಯಾಯಿತು. ಏಡಿ, ಸಿಗಡಿ ಸಂಸ್ಕರಿಸುವವರು ಸಿಪ್ಪೆಯನ್ನು ನೇರ ನೀರಿಗೆ ಸುರಿಯುವುದು ಕಷ್ಟವಾಯಿತು. ಎಸೆಯಲು ಹಣ ಕೊಡಬೇಕಾಗಿ ಬಂದಾಗ ಅದರಲ್ಲಿ ಏನಿದೆ ಎಂದು ಹುಡುಕುವ ಬುದ್ಧಿ ಬಂತು. ಜಪಾನಿನಲ್ಲಿ ಕೈಟೋಸಾನ್ ಕಾರ್ಖಾನೆ ಆ ದಶಕದ ಆರಂಭದಲ್ಲೇ ಶುರುವಾಗಿತ್ತು. 1977ರಲ್ಲಿ ಬಾಸ್ಟನ್ನಿನಲ್ಲಿ ಕೈಟಿನ್ ಬಗ್ಗೆಯೇ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು.

ಕೊಚ್ಚಿಯವರು ಅದಕ್ಕೂ ಮುಂಚೆ ಕೆಲಸಕ್ಕೆ ಇಳಿದಿದ್ದರು. ಹೆಪ್ಪುಗಟ್ಟಿಸಿದ ಸಿಗಡಿ ಕೇರಳದಿಂದ ಅಮೆರಿಕಕ್ಕೆ ಹೋಗಲು ತೊಡಗಿದ್ದು 1953ರಲ್ಲಿ. ಅದೇ ವರ್ಷ ಕೊಲ್ಲಂ ಬಳಿ ನೀಂಡಕರೆಯಲ್ಲಿ ಇಂಡೋ-ನಾರ್ವೇಜಿಯನ್ ಯೋಜನೆ ಆರಂಭವಾಗಿ, ಯಾಂತ್ರಿಕ ದೋಣಿ, ಮಂಜುಗಡ್ಡೆ ಕಾರ್ಖಾನೆ ಬಂದವು. ನೋಡನೋಡುತ್ತ ಪಶ್ಚಿಮ ಕರಾವಳಿಯ ಉದ್ದಕ್ಕೂ ಸಿಗಡಿ ಬಿಡಿಸುವ ಶೆಡ್ಡುಗಳು ಎದ್ದವು. ಅಲ್ಲಿ ಕೂತವರು ಬಹುಪಾಲು ಹೆಂಗಸರು. ಎಡಗೈಯಲ್ಲಿ ಸಿಗಡಿ, ಬಲಗೈಯಲ್ಲಿ ತಲೆ ಮುರಿಯುವುದು, ಹೆಬ್ಬೆರಳು ಒತ್ತಿ ಸಿಪ್ಪೆ ಬಿಡಿಸುವುದು, ಬೆನ್ನಿನ ಕರಿ ನರ ಎಳೆಯುವುದು, ಬೇಸಿನ್ನಿಗೆ ಹಾಕುವುದು. ಮಂಜುಗಡ್ಡೆಯ ನೀರಿನಲ್ಲಿ ಬೆರಳು ಮರಗಟ್ಟುತ್ತದೆ, ತಲೆಯ ಮುಳ್ಳು ಚುಚ್ಚಿ ಚರ್ಮ ಸುಲಿಯುತ್ತದೆ. ಕೂಲಿ ಬಿಡಿಸಿದ ಮಾಂಸದ ತೂಕದ ಮೇಲೆ. ದೋಣಿಯಿಂದ ಇಳಿದ ಸಿಗಡಿಯ ಹೆಚ್ಚುಕಡಿಮೆ ಅರ್ಧ ತೂಕ ತಲೆ ಮತ್ತು ಸಿಪ್ಪೆಯಾಗಿ ಅವರ ಕಾಲ ಬಳಿ ಬೀಳುತ್ತಿತ್ತು. ಒಂದಿಷ್ಟು ಒಣಗಿಸಿ ತೆಂಗಿನ ಬುಡಕ್ಕೆ, ಕೋಳಿ ಆಹಾರಕ್ಕೆ. ಉಳಿದದ್ದು ಹಿನ್ನೀರಿಗೆ.

ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ 1957ರಿಂದ ಕೆಲಸ ಮಾಡುತ್ತಿದೆ. ಬಲೆ, ದೋಣಿ, ಶೈತ್ಯೀಕರಣ ಅದರ ಮುಖ್ಯ ವಿಷಯ. ಅಲ್ಲಿಯ ಪಿ. ಮಾಧವನ್ ಮತ್ತು ಕೆ.ಜಿ. ರಾಮಚಂದ್ರನ್ ನಾಯರ್ 1974ರಲ್ಲಿ ‘ಫಿಷರಿ ಟೆಕ್ನಾಲಜಿ’ ಪತ್ರಿಕೆಯಲ್ಲಿ ನಾಲ್ಕು ಪುಟದ ಲೇಖನವೊಂದನ್ನು ಪ್ರಕಟಿಸಿದರು: ಸಿಗಡಿ ತ್ಯಾಜ್ಯದಿಂದ ಕೈಟಿನ್ ತೆಗೆದು ಅದನ್ನು ಕೈಟೋಸಾನ್ ಮಾಡುವ ಬಗೆ. ರೂಜೆಯ ಗಾಜಿನ ಬಟ್ಟಲಲ್ಲಿ ಆದದ್ದು ಕರಾವಳಿಯ ಸಣ್ಣ ಕಾರ್ಖಾನೆಯಲ್ಲಿ, ಸಿಕ್ಕುವ ರಾಸಾಯನಿಕದಲ್ಲಿ, ಲಾಭ ಬರುವಂತೆ ಆಗಬೇಕಿತ್ತು. ನನ್ನ ಮಟ್ಟಿಗೆ ಈ ಕತೆಯ ನಿಜವಾದ ಆವಿಷ್ಕಾರ ಅಲ್ಲಿಯದು. ನ್ಯಾನ್ಸಿ, ಜೂರಿಕ್‌ನವರು ವಸ್ತುವನ್ನು ಕಂಡರು. ಕೊಚ್ಚಿಯವರು ಅದನ್ನು ಮಾಡುವ ದಾರಿ ಕಂಡರು.

ದಾರಿ ಹೇಳಲು ಸುಲಭ. ತಾಜಾ ಸಿಪ್ಪೆಯನ್ನು ತೆಳು ಕಾಸ್ಟಿಕ್ ಸೋಡಾದಲ್ಲಿ ಕುದಿಸಿದರೆ ಅಂಟಿದ ಮಾಂಸ, ಪ್ರೋಟೀನು ಬಿಡುತ್ತದೆ. ತೊಳೆದು ತೆಳು ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಹಾಕಿದರೆ ಸುಣ್ಣದ ಅಂಶ ಬುರುಬುರು ಎಂದು ನೊರೆಯಾಗಿ ಹೋಗುತ್ತದೆ. ಉಳಿದದ್ದು ಕೈಟಿನ್: ತೆಳ್ಳಗೆ, ಬೆಳ್ಳಗೆ, ಹಗುರ. ಅದನ್ನು ನೂರಕ್ಕೆ ನಲವತ್ತರಷ್ಟು ಗಾಢ ಕಾಸ್ಟಿಕ್‌ನಲ್ಲಿ ತೊಂಬತ್ತು ಡಿಗ್ರಿ ಸೆಲ್ಸಿಯಸ್ ದಾಟಿಸಿ ಒಂದೂವರೆ ಎರಡು ಗಂಟೆ ಕಾಯಿಸಿದರೆ ಕೈಟೋಸಾನ್. ಹೊತ್ತು ಹೆಚ್ಚಾದರೆ, ಶಾಖ ಏರಿದರೆ ಸರ ತುಂಡಾಗಿ ಅಂಟು ಗುಣ ಹೋಗುತ್ತದೆ. ಕಡಿಮೆಯಾದರೆ ಟೋಪಿ ಉಳಿದು ಕರಗುವುದಿಲ್ಲ. ಕಸುಬು ಇರುವುದು ಈ ಹದದಲ್ಲಿ.

ಆಮ್ಲದ ಹೆಜ್ಜೆಯನ್ನು ಮನೆಯಲ್ಲೇ ನೋಡಬಹುದು. ಏಡಿ ಸಾರು ಮಾಡಿದ ದಿನ ಒಂದು ಕೊಂಡಿಯ ಚಿಪ್ಪನ್ನು ತಿಕ್ಕಿ ತೊಳೆದು ಗಾಜಿನ ಲೋಟದಲ್ಲಿಟ್ಟು ಮುಳುಗುವಷ್ಟು ವಿನೆಗರ್ ಹೊಯ್ಯಿರಿ. ತುಸು ಹೊತ್ತಿಗೆ ಸಣ್ಣ ಗುಳ್ಳೆಗಳು ಏಳತೊಡಗುತ್ತವೆ. ಒಂದೆರಡು ದಿನದ ಮೇಲೆ, ನಡುವೆ ವಿನೆಗರ್ ಬದಲಿಸಿ, ತೆಗೆದು ನೋಡಿದರೆ ಕಲ್ಲಿನಂತಿದ್ದ ಚಿಪ್ಪು ಬೆರಳಲ್ಲಿ ಬಾಗುತ್ತದೆ. ಆಕಾರ ಹಾಗೆಯೇ, ಗಡಸು ಮಾತ್ರ ಇಲ್ಲ. ಬಾಗುವ ಆ ಪೊರೆಯೇ ಕೈಟಿನ್ ಮತ್ತು ಪ್ರೋಟೀನು. ಗುಳ್ಳೆಯಾಗಿ ಹೋದದ್ದು ಸುಣ್ಣಕಲ್ಲಿನ ಅಂಶ. ನಮ್ಮ ಕರಾವಳಿಯವರಿಗೆ ಈ ಸುಣ್ಣದ ಅರ್ಧ ತಲೆತಲಾಂತರದಿಂದ ಗೊತ್ತಿತ್ತು. ಅಘನಾಶಿನಿಯ ಅಳಿವೆಯಲ್ಲಿ, ಕುಂದಾಪುರದ ಹೊಳೆಗಳಲ್ಲಿ ಆಯ್ದ ಕಪ್ಪೆಚಿಪ್ಪನ್ನು ಇದ್ದಿಲಿನ ಗೂಡಿನಲ್ಲಿ ಸುಟ್ಟು ಎಲೆಯಡಿಕೆಗೂ ಗೋಡೆಗೂ ಸುಣ್ಣ ಮಾಡಿದ್ದಾರೆ. ಏಡಿಯ ಓಡನ್ನು ಹಾಗೆ ಸುಟ್ಟರೆ ಸುಣ್ಣ ಉಳಿಯುತ್ತದೆ, ಕೈಟಿನ್ ಹೊಗೆಯಾಗುತ್ತದೆ. ಹುಳಿಗೆ ಹಾಕಿದರೆ ಸುಣ್ಣ ಹೋಗಿ ಕೈಟಿನ್ ಉಳಿಯುತ್ತದೆ.

ಮೀನಿನ ಕಸವೂ ಹೊಸದೇನಲ್ಲ. ಭೂತಾಯಿ ಮೀನು ರಾಶಿ ಬಿದ್ದ ವರ್ಷ ಅದು ಗದ್ದೆಗೆ, ತೆಂಗಿಗೆ ಗೊಬ್ಬರ. ಕೊಳೆಸಿ ಮೇಲೆ ತೇಲಿದ ಎಣ್ಣೆ ದೋಣಿಯ ಹಲಗೆಗೆ. ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದಲ್ಲಿದ್ದಾಗ, ಇಪ್ಪತ್ತನೇ ಶತಮಾನದ ಆರಂಭದಲ್ಲಿ, ಆ ಪ್ರಾಂತ್ಯದ ಮೀನುಗಾರಿಕೆಯ ಹೊಣೆ ಹೊತ್ತಿದ್ದ ಫ್ರೆಡರಿಕ್ ನಿಕೊಲ್ಸನ್ ಕೊಳೆಸುವ ಬದಲು ತಾಜಾ ಮೀನನ್ನು ಬೇಯಿಸಿ ಹಿಂಡುವ ಕ್ರಮವನ್ನು ಪಶ್ಚಿಮ ಕರಾವಳಿಗೆ ಕಲಿಸಿದ. ಎಣ್ಣೆಯೂ ಚೊಕ್ಕ, ಹಿಂಡಿಯೂ ಒಳ್ಳೆಯ ಗೊಬ್ಬರ. ಇಂದು ಉಳ್ಳಾಲ, ಮುಕ್ಕದ ಕಡೆಯ ಮೀನುಹಿಟ್ಟಿನ ಕಾರ್ಖಾನೆಗಳು ಅದೇ ವಂಶದವು.

ಕೈಟೋಸಾನ್ ಕೈಗೆ ಬಂದ ಮೇಲೆ ಅದರ ಧನ ಅಂಶ ಎಲ್ಲೆಲ್ಲಿ ಕೆಲಸಕ್ಕೆ ಬಂತು ಎಂಬುದು ಬೇರೆಯೇ ಮೋಜು. ಕಲಕು ನೀರಿನ ಮಣ್ಣಿನ ಕಣ, ಕರಗಿದ ಪ್ರೋಟೀನು, ಬ್ಯಾಕ್ಟೀರಿಯಾದ ಮೈ, ರಕ್ತದ ಕೆಂಪು ಕಣ ಇವೆಲ್ಲವೂ ಋಣದ ಕಡೆಯವು. ಕೈಟೋಸಾನ್ ಬಿದ್ದಲ್ಲಿ ಇವು ಬಂದು ಅಂಟಿಕೊಳ್ಳುತ್ತವೆ. ನೀರು ತಿಳಿಗೊಳಿಸಲು ಅದು ಬಳಕೆಯಾದದ್ದು ಹೀಗೆ. ಅಮೆರಿಕದ ಪೋರ್ಟ್‌ಲ್ಯಾಂಡ್‌ನ ಹೆಮ್‌ಕಾನ್ ಕಂಪನಿ ಗಾಯಕ್ಕೆ ಒತ್ತಿದರೆ ರಕ್ತ ನಿಲ್ಲಿಸುವ ಕೈಟೋಸಾನ್ ಪಟ್ಟಿ ಮಾಡಿ 2002ರಲ್ಲಿ ಅನುಮತಿ ಪಡೆಯಿತು. ಅಫ್ಘಾನಿಸ್ತಾನ, ಇರಾಕ್‌ಗಳಿಗೆ ಹೋದ ಸೈನಿಕರ ಚೀಲ ಸೇರಿತು. ಕೊಬ್ಬು ಕರಗಿಸುವ ಮಾತ್ರೆ ಎಂಬ ಜಾಹೀರಾತೂ ಬಂತು. ಪರಿಶೀಲನೆಗಳಲ್ಲಿ ಕಂಡ ತೂಕ ಇಳಿಕೆ ತೀರಾ ಅಲ್ಪ, ಅದಕ್ಕೆ ಹಣ ಸುರಿಯಬೇಡಿ.

ನನಗೆ ಇಷ್ಟವಾದದ್ದು ಬಟಾಣಿಯ ಪ್ರಸಂಗ. ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಲೀ ಹ್ಯಾಡ್ವಿಗರ್ ಬಟಾಣಿಗೆ ತಗಲುವ ಶಿಲೀಂಧ್ರ ರೋಗವನ್ನು ನೋಡುತ್ತಿದ್ದರು. ಶಿಲೀಂಧ್ರ ಮುಟ್ಟಿದ ಕೂಡಲೇ ಗಿಡ ಎಚ್ಚೆತ್ತು ಪ್ರತಿರೋಧದ ರಾಸಾಯನಿಕ ಸುರಿಸುತ್ತದೆ. ಗಿಡಕ್ಕೆ ಸುದ್ದಿ ಮುಟ್ಟಿಸುವುದು ಯಾವುದು? ಶಿಲೀಂಧ್ರದ ಗೋಡೆಯಿಂದ ಉದುರುವ ಕೈಟೋಸಾನ್ ಚೂರು ಎಂದು 1980ರಲ್ಲಿ ಅವರು ಬರೆದರು. ಶಿಲೀಂಧ್ರ ಇಲ್ಲದೆಯೂ ಸಿಗಡಿಯ ಕೈಟೋಸಾನ್ ಹಾಕಿದರೆ ಗಿಡ ಶತ್ರು ಬಂದನೆಂದೇ ಎಣಿಸಿ ಸಜ್ಜಾಗುತ್ತದೆ. ಬ್ರಾಕನೊನ ಅಣಬೆಯ ನಾರಿಗೂ ಕೊಚ್ಚಿಯ ಸಿಗಡಿಗೂ ಇರುವ ನಂಟನ್ನು ಬಟಾಣಿ ಬಳ್ಳಿ ಬಲ್ಲದು. ಬೀಜೋಪಚಾರಕ್ಕೆ, ಎಲೆಗೆ ಸಿಂಪಡಿಸಲು ಕೈಟೋಸಾನ್ ಇಂದು ಹಲವು ದೇಶಗಳಲ್ಲಿ ಮಾರಾಟದಲ್ಲಿದೆ.

ಇಷ್ಟೆಲ್ಲ ಆದರೂ ಸಿಪ್ಪೆ ಎಸೆಯುವುದು ನಿಂತಿಲ್ಲ. ಸಿಂಗಾಪುರದ ನಿಂಗ್ ಯಾನ್ ಮತ್ತು ಶಿ ಚೆನ್ 2015ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಕೊಟ್ಟ ಲೆಕ್ಕದಂತೆ ಜಗತ್ತಿನಲ್ಲಿ ವರ್ಷಕ್ಕೆ 60ರಿಂದ 80 ಲಕ್ಷ ಟನ್ ಏಡಿ, ಸಿಗಡಿ, ಲಾಬ್‌ಸ್ಟರ್ ಚಿಪ್ಪು ಕಸವಾಗುತ್ತದೆ. ಚಿಪ್ಪಿನಲ್ಲಿ ನೂರಕ್ಕೆ 20ರಿಂದ 40 ಪ್ರೋಟೀನು, 20ರಿಂದ 50 ಸುಣ್ಣದ ಅಂಶ, 15ರಿಂದ 40 ಕೈಟಿನ್. ಅವರೇ ಕೊಟ್ಟ ಬೆಲೆಯ ಲೆಕ್ಕ ಇನ್ನೂ ಗಮನಿಸಬೇಕಾದದ್ದು: ಒಣಗಿಸಿದ ಸಿಗಡಿ ಚಿಪ್ಪಿಗೆ ಟನ್ನಿಗೆ 100ರಿಂದ 120 ಡಾಲರ್, ಕೈಟೋಸಾನಿಗೆ ಕಿಲೋಗೆ 200 ಡಾಲರ್‌ವರೆಗೆ. ನಡುವಿನ ಅಂತರ ಯಾರದ್ದು ಎಂದರೆ ಸಂಸ್ಕರಿಸಿದವನದು, ಶುದ್ಧೀಕರಿಸಿದವನದು, ಪ್ಯಾಕ್ ಮಾಡಿದವನದು. ತಲೆ ಮುರಿದವಳ ಪಾಲು ಅದರಲ್ಲಿ ಕಾಣುವುದಿಲ್ಲ.

ಅಂತರ ದೊಡ್ಡದಾಗಿರಲು ಕಾರಣಗಳಿವೆ. ಒಂದು ಕಿಲೋ ಕೈಟೋಸಾನಿಗೆ ಒಂದು ಟನ್ನಿಗಿಂತ ಹೆಚ್ಚು ನೀರು ಬೇಕು. ಪ್ರತಿ ಹಂತದಲ್ಲೂ ತೊಳೆದು ತೊಳೆದು ಆಮ್ಲ, ಕ್ಷಾರ ಬಿಡಿಸಬೇಕು. ತೊಳೆದ ನೀರಿನಲ್ಲಿ ಕಾಸ್ಟಿಕ್ ಇದೆ, ಉಪ್ಪಿದೆ, ಕರಗಿದ ಪ್ರೋಟೀನು ಇದೆ. ಅದನ್ನು ಸಂಸ್ಕರಿಸದೆ ಹೊಳೆಗೆ ಬಿಟ್ಟರೆ ಸಿಪ್ಪೆ ಬಿಟ್ಟದ್ದಕ್ಕಿಂತ ಹೆಚ್ಚು ಹಾನಿ. ನಾರುವ ಕಸ ಕಣ್ಣಿಗೆ ಬೀಳುತ್ತದೆ, ಕ್ಷಾರದ ನೀರು ಬೀಳುವುದಿಲ್ಲ, ಅಷ್ಟೇ ವ್ಯತ್ಯಾಸ.

ಇದಕ್ಕೆ ಹಲವರು ಬದಲಿ ದಾರಿ ಹುಡುಕಿದ್ದಾರೆ. ಇಂಗ್ಲೆಂಡಿನ ಲಫ್‌ಬರೊದಲ್ಲಿ ಜಾರ್ಜ್ ಹಾಲ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ರಾಸಾಯನಿಕ ಆಮ್ಲದ ಜಾಗಕ್ಕೆ ಮೊಸರು ಹುಳಿಯಾಗಿಸುವ ಜಾತಿಯ ಬ್ಯಾಕ್ಟೀರಿಯಾ ಬಂತು. ಅಡ್ಡಲಾಗಿ ತಿರುಗುವ ಪೀಪಾಯಿಯಲ್ಲಿ ಲಾಬ್‌ಸ್ಟರ್ ಜಾತಿಯ ಸ್ಕಾಂಪಿಯ ತ್ಯಾಜ್ಯಕ್ಕೆ ಸಕ್ಕರೆ ಹಾಕಿ ಹುದುಗಿಸಿದರೆ, ಬ್ಯಾಕ್ಟೀರಿಯಾದ ಹುಳಿ ಸುಣ್ಣವನ್ನು ಕರಗಿಸುತ್ತದೆ, ತ್ಯಾಜ್ಯದೊಳಗಿನ ಕಿಣ್ವಗಳು ಪ್ರೋಟೀನನ್ನು ದ್ರವವಾಗಿಸುತ್ತವೆ. ಆ ದ್ರವ ಮೇವಿಗೆ ಬರುತ್ತದೆ, ಕೆಂಪು ಬಣ್ಣದ ಅಸ್ಟಾಜ್ಯಾಂಥಿನ್ನೂ ಹಾಳಾಗದೆ ಸಿಗುತ್ತದೆ. ಕೈಟಿನ್ ಮಾತ್ರ ಪೂರ್ತಿ ಚೊಕ್ಕವಾಗುವುದಿಲ್ಲ, ಕೊನೆಗೆ ಸ್ವಲ್ಪ ಆಮ್ಲ, ಕ್ಷಾರ ಬೇಕೇ ಬೇಕು. ಆದರೂ ನೀರಿನ ಲೆಕ್ಕ ಬಹಳ ಇಳಿಯುತ್ತದೆ.

ಮೀನಿನ ತಲೆ, ಕರುಳಿಗೆ ಇನ್ನೂ ಸರಳವಾದ ದಾರಿಯಿದೆ. ಫಿನ್‌ಲೆಂಡಿನ ಎ.ಐ. ವಿರ್ಟನೆನ್ ಹಸಿ ಮೇವಿಗೆ ಆಮ್ಲ ಸೇರಿಸಿ ಕೆಡದಂತೆ ಇಡುವ ಕ್ರಮ ಕಂಡುಹಿಡಿದು 1945ರಲ್ಲಿ ನೊಬೆಲ್ ಪಡೆದರು. ಅದೇ ಕ್ರಮವನ್ನು ಉತ್ತರ ಯುರೋಪಿನವರು ಮೀನಿಗೆ ಹಚ್ಚಿದರು. ಅರೆದ ಮೀನು ತ್ಯಾಜ್ಯಕ್ಕೆ ನೂರಕ್ಕೆ ಮೂರರಷ್ಟು ಫಾರ್ಮಿಕ್ ಆಮ್ಲ ಬೆರೆಸಿ ಪ್ಲಾಸ್ಟಿಕ್ ಡ್ರಮ್ಮಿನಲ್ಲಿಟ್ಟು ದಿನವೂ ಕಲಕಿದರೆ ಕೊಳೆಸುವ ಬ್ಯಾಕ್ಟೀರಿಯಾ ಸುಮ್ಮನಾಗುತ್ತವೆ. ಕರುಳಿನ ಕಿಣ್ವಗಳೇ ಮಾಂಸವನ್ನು ಕೆಲವು ದಿನದಲ್ಲಿ ಗಂಜಿಯಂತೆ ಮಾಡುತ್ತವೆ. ಬಾಯ್ಲರ್ ಬೇಡ, ಗಾಢ ಕ್ಷಾರ ಬೇಡ. ಹಂದಿ, ಕೋಳಿ, ಮೀನು ಸಾಕಣೆಯ ಆಹಾರಕ್ಕೂ ಗಿಡಗಳ ಪೋಷಕಕ್ಕೂ ಅದು ಬರುತ್ತದೆ. ಕೊಚ್ಚಿಯ ಸಂಸ್ಥೆ ಇದನ್ನೂ ಕಲಿಸುತ್ತದೆ.

ನನ್ನ ತೀರ್ಪು ಇದು. ಕರಾವಳಿಯ ಹೆಂಗಸರ ಸಂಘವೊಂದು ನೇರ ಗಾಯದ ಪಟ್ಟಿಗೆ ಕೈ ಹಾಕುವುದು ವ್ಯರ್ಥ. ಅಲ್ಲಿ ಪ್ರಯೋಗಾಲಯ, ಪರವಾನಗಿ ಎಲ್ಲ ಬೇಕು. ಹಸಿ ಸಿಪ್ಪೆಯ ಮುಕ್ಕಾಲು ಪಾಲು ನೀರು. ನೂರು ಕಿಲೋದಲ್ಲಿ ನಾಲ್ಕೈದು ಕಿಲೋ ಕೈಟಿನ್ ಸಿಕ್ಕರೆ ಹೆಚ್ಚು. ಆದರೆ ಆ ನಾಲ್ಕೈದು ಕಿಲೋದ ಗುಣ ನಿಲ್ಲುವುದು ಸಿಪ್ಪೆ ಕಳಚಿದ ಮೊದಲ ಕೆಲವು ಗಂಟೆಗಳಲ್ಲಿ. ತಲೆಯೊಳಗಿನ ಕಿಣ್ವಗಳು ಕೆಲಸ ಶುರುಮಾಡುವ ಮೊದಲು ಮಂಜುಗಡ್ಡೆ ಹಾಕಿ, ತಲೆಯನ್ನೂ ಸಿಪ್ಪೆಯನ್ನೂ ಬೇರೆ ಮಾಡಿ, ತೊಳೆದು, ಒಣಗಿಸಿ ಇಡುವ ಕೆಲಸ ಶೆಡ್ಡಿನ ಬಾಗಿಲಲ್ಲೇ ಆಗಬೇಕಾದದ್ದು. ಅದನ್ನು ಮಾಡಬಲ್ಲವರು ಬಿಡಿಸುವವರೇ. ಕೊಳೆತ ಸಿಪ್ಪೆಗೂ ಚೊಕ್ಕ ಒಣ ಸಿಪ್ಪೆಗೂ ಬೆಲೆ ಬೇರೆ ಇರಬೇಕು, ಆ ಬೆಲೆ ಮಾಂಸದ ಕೂಲಿಗೆ ಹೊರತಾಗಿ ಅವರ ಕೈಗೆ ಬರಬೇಕು. ಕೇರಳದ ಮೀನುಗಾರರ ಸಹಕಾರ ಒಕ್ಕೂಟವಾದ ಮತ್ಸ್ಯಫೆಡ್ ನೀಂಡಕರೆಯಲ್ಲಿ ಕೈಟಿನ್, ಕೈಟೋಸಾನ್ ಘಟಕ ನಡೆಸಿದ್ದರಿಂದ ಸಹಕಾರಿ ಸಂಘಕ್ಕೆ ಇದು ನಿಲುಕದ ಕೆಲಸವೇನೂ ಅಲ್ಲ ಎಂದು ಗೊತ್ತಾಗಿದೆ. ನಮ್ಮಲ್ಲಿ ಮಂಗಳೂರಿನ ಮೀನುಗಾರಿಕಾ ಕಾಲೇಜು 1969ರಿಂದ ಇದೆ. ಸಿಪ್ಪೆಯ ಗುಣ ಪರೀಕ್ಷಿಸಲು ದೂರ ಹೋಗಬೇಕಾಗಿಲ್ಲ.

ಮಲ್ಪೆಯಲ್ಲೋ ಹೊನ್ನಾವರದಲ್ಲೋ ಕಾರವಾರದಲ್ಲೋ ಯಾರಾದರೂ ಬಂದು ‘ಸಿಪ್ಪೆಯಿಂದ ಕೋಟಿ ಗಳಿಸುವ ಘಟಕ ಹಾಕುತ್ತೇವೆ, ಜಾಗ ಕೊಡಿ’ ಎಂದು ಪಂಚಾಯತಿಯ ಮುಂದೆ ಕೂತರೆ ಎರಡೇ ಮಾತು ಕೇಳಿ. ಒಣ ಸಿಪ್ಪೆಗೆ ಕಿಲೋಗೆ ಎಷ್ಟು ಕೊಡುತ್ತೀರಿ, ಯಾರ ಹೆಸರಿನ ಖಾತೆಗೆ? ತೊಳೆದ ನೀರನ್ನು ಎಲ್ಲಿ ಸಂಸ್ಕರಿಸುತ್ತೀರಿ, ಎಲ್ಲಿಗೆ ಬಿಡುತ್ತೀರಿ? ಎರಡಕ್ಕೂ ಕಾಗದದ ಮೇಲೆ ಉತ್ತರ ಕೊಡುವ ತನಕ ಜಾಗ ಕೊಡಬೇಡಿ.